ಸೊನ್ನೆಗೆ ಬಾರದ ಪೆಟ್ಟಿಗೆ

ಬೆಳಿಗ್ಗೆ ಒಂಬತ್ತೂಕಾಲಿಗೆ, ಸೊನ್ನೆ ತೋರಿಸಬೇಕಿದ್ದ ಪೆಟ್ಟಿಗೆ ನಾಲ್ಕು ತೋರಿಸಿತು.

ಪೆಟ್ಟಿಗೆಯೊಳಗೆ ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಎಳೆಗಳ ಹಾಸು ಇತ್ತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಉಗುರುಬಣ್ಣ ಅಳಿಸಲು ಬಳಸುವ ಅಸಿಟೋನಿನ ಆವಿ ಒಂದೇ ಪಾಲು ಬೆರೆತರೂ ಅದು ಹಿಡಿಯಬೇಕು. ಅದೂ ಬಿಸಿ ಮಾಡದೆ, ಕೋಣೆಯ ತಾಪದಲ್ಲೇ. ಹನ್ನೊಂದಕ್ಕೆ ಪರೀಕ್ಷಕಿ ಬರುವವರಿದ್ದರು. ಶುದ್ಧ ಗಾಳಿಯಲ್ಲಿ ಸೊನ್ನೆ ಬಂದರೆ ಪೆಟ್ಟಿಗೆ ನೋಡಿಕೊಳ್ಳುವ ಸಹಾಯಕನ ಕೆಲಸ ಕಾಯಂ, ಬರದಿದ್ದರೆ ತಿಂಗಳ ಕೊನೆಗೆ ಮನೆ. ಈ ಚಿಂತೆಯಲ್ಲಿ ಅವನು ಮೊನ್ನೆ ರಾತ್ರಿಯಿಂದ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಆಫೀಸಿನವರು ಅವನನ್ನು ಮೂಗಣ್ಣ ಎನ್ನುತ್ತಿದ್ದರು.

ಹೊರಗಿನ ಗೋಡೆಯ ಹಸಿ ಬಣ್ಣದ್ದೇ ಕಿತಾಪತಿ ಎಂದು ಪ್ರಯೋಗಾಲಯದ ಸ್ಟೋರು ನೋಡಿಕೊಳ್ಳುವ ಯಜಮಾನರು ತೀರ್ಪು ಕೊಟ್ಟರು. ಮೂಗಣ್ಣ ಕಿಟಕಿ ಮುಚ್ಚಿ ಬಂದು ಬಗ್ಗಿ ನೋಡಿದ. ಐದು.

ಯಾರೂ ಕೇಳದಿದ್ದರೂ ಟೈಪಿಸ್ಟ್ ಅಕ್ಕ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡರು. "ನಾನು ಉಗುರುಬಣ್ಣ ಅಳಿಸಿದ್ದು ನಿನ್ನೆ ಕಣಪ್ಪ, ಇವತ್ತಲ್ಲ." ಅವರ ಸೀಸೆಯನ್ನು ಎರಡು ಮಹಡಿ ಕೆಳಗೆ ಸಾಗಿಸಲಾಯಿತು. ಅದರ ಹಿಂದೆಯೇ ಅವರನ್ನೂ.

"ದೂರ ನಿಂತ್ಕೊಂಡ್ರೆ ಏನು ತಿಳಿಯತ್ತೆ? ಹತ್ರ ಹೋಗಿ ನೋಡೋ," ಎಂದರು ಯಜಮಾನರು.

ಮೂಗಣ್ಣ ಹತ್ತಿರ ಹೋಗಿ ನಿಟ್ಟುಸಿರು ಬಿಟ್ಟ. ಎಂಟು.

ಹನ್ನೊಂದಕ್ಕೆ ಪರೀಕ್ಷಕಿ ಬಂದಾಗ ಒಂಬತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥರ ಮುಖ ಒದ್ದೆ ಗೋಣಿಚೀಲದಂತೆ ಜೋತುಬಿತ್ತು. ಮೂಗಣ್ಣ ಪರೀಕ್ಷಕಿಗೆ ಕುರ್ಚಿ ತರಲು ಓಡಿದ, ಪೆಟ್ಟಿಗೆ ಸೊನ್ನೆಗಿಳಿಯಿತು. ಕುರ್ಚಿ ಹೊತ್ತು ಏದುಸಿರಿನಲ್ಲಿ ಬಂದ, ಹತ್ತು. ಪರೀಕ್ಷಕಿ ಅವನನ್ನು ಇನ್ನೆರಡು ಸಲ ಹೊರಗೆ ಕಳಿಸಿ ಒಳಗೆ ಕರೆದರು.

"ಬೆಳಿಗ್ಗೆ ಏನು ತಿಂದ್ರಿ?"

"ಏನೂ ಇಲ್ಲ ಮೇಡಂ. ನಿನ್ನೆನೂ ಇಲ್ಲ."

ಹೊಟ್ಟೆ ಖಾಲಿಯಿದ್ದರೆ ಮೈಯ ಕೊಬ್ಬು ಕರಗಿ ಉಸಿರಿನಲ್ಲಿ ಅಸಿಟೋನ್ ಬರುತ್ತದೆಂದು ಅವರು ವಿವರಿಸಿದರು. "ಪೆಟ್ಟಿಗೆ ಸರಿಯಾಗಿದೆ. ಸೋರ್ತಿರೋದು ನೀವು."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ವಲ್ಲಯ್ಯ," ಎಂದು ಮುಖ್ಯಸ್ಥರು ಅಲ್ಲೇ ಕಾಯಂ ಆದೇಶಕ್ಕೆ ಸಹಿ ಹಾಕಿದರು. ಮೂಗಣ್ಣ ಕ್ಯಾಂಟೀನಿನ ಕಡೆ ಹೊರಟ.

ಅವನು ಬಾಗಿಲು ದಾಟುವ ಮೊದಲೇ ಪರೀಕ್ಷಕಿ ಒಂದು ಮಾತು ಸೇರಿಸಿದರು: ಪೆಟ್ಟಿಗೆ ಇದೇ ಆವಿಯನ್ನು ಇನ್ನೂ ಮೂರು ದಿನ ತಪ್ಪದೆ ಹಿಡಿದು ತೋರಿಸಬೇಕು. ಅಸಿಟೋನ್ ಬೆರೆಸಿದ ಪರೀಕ್ಷೆಯ ಅನಿಲದ ಸಿಲಿಂಡರ್ ಬರಲು ಇನ್ನೂ ಒಂದು ತಿಂಗಳಿದೆ ಎಂದರು ಯಜಮಾನರು. ಎಲ್ಲರೂ ತಿರುಗಿ ಮೂಗಣ್ಣನನ್ನು ನೋಡಿದರು.

ಮರುದಿನ ಬೆಳಿಗ್ಗೆ, ಮೂಗಣ್ಣನ ಹೆಂಡತಿ ಕಟ್ಟಿಕೊಟ್ಟಿದ್ದ ಊಟದ ಡಬ್ಬಿಯನ್ನು ಗೇಟಿನ ಕಾವಲುಗಾರ ತೆಗೆದಿಟ್ಟುಕೊಂಡು ಅವನಿಗೆ ಒಂದು ರಸೀದಿ ಕೊಟ್ಟ.