ಲೋಟ ಕೊಡದ ಬೀರು

"ಕೇಳಿದ ಪಾತ್ರೆ ಕೇಳಿದ ಕ್ಷಣಕ್ಕೇ ಕೈಗೆ ಬರುತ್ತೆ, ನೋಡ್ತಿರಿ ಮಾವ!" ಎಂದು ನಮ್ಮ ಯಜಮಾನರು ವಾಮನಮೂರ್ತಿಗಳು ಅಡುಗೆಮನೆಯ ಬೀರುವಿನ ಬೆನ್ನು ತಟ್ಟಿದರು.

ಮಾವ ಎಂದರೆ ನನ್ನ ಅಪ್ಪ. "ನಿನ್ನ ಗಂಡ ಮಾಡಿದ ಯಂತ್ರ ಒಂದಾದರೂ ನೆಟ್ಟಗೆ ನಡೆದ ದಿನ ನಿಮ್ಮನೆ ಕಾಫಿ ಕುಡೀತೀನಿ" ಎಂದು ಶಪಥ ಮಾಡಿ, ಮದುವೆಯಾದಾಗಿನಿಂದ ನಮ್ಮ ಹೊಸ್ತಿಲು ತುಳಿಯದವರು, ಬೀರು ನೆಟ್ಟಗೆ ನಡೆಯುತ್ತಿದೆ ಎಂದು ಕೇಳಿ ಇವತ್ತು ತಿಪಟೂರಿನಿಂದ ಬಂದಿದ್ದರು. ಡಿಕಾಕ್ಷನ್ ಇಳಿದಿತ್ತು, ಹಾಲು ಕಾದಿತ್ತು. ಇನ್ನು ಬೇಕಾದದ್ದು ಒಂದು ಲೋಟ.

ಮೊದಲೆಲ್ಲ ಬೀರು ಪಾತ್ರೆಯ ತೂಕ ನೋಡಿ ಖಾನೆ ಆರಿಸುತ್ತಿತ್ತು. ಚೆನ್ನಾಗಿಯೇ ಇತ್ತು. ಚೆನ್ನಾಗಿರುವುದನ್ನು ಸುಮ್ಮನೆ ಬಿಟ್ಟರೆ ಇವರಿಗೆ ಅನ್ನ ಸೇರಬೇಕಲ್ಲ! ನಿನ್ನೆ ಒಳಗಿನದನ್ನೆಲ್ಲ ಕಿತ್ತು, ಪಾತ್ರೆಯ ಮೇಲೆ ಕೊರೆಸಿದ ಹೆಸರು ಓದಿ ಖಾನೆ ಆರಿಸುವ ಹಾಗೆ ಮಾಡಿದರು. ಆಮೇಲೆ ಎಂದಿನ ಕೊಳಗ, ಬಾಣಲೆ, ಸೌಟು ಹಾಕಿ ತೆಗೆದು, "ಪರೀಕ್ಷೆ ಪಾಸು!" ಎಂದು ಕುಣಿದರು.

"ಒಳಗಿಂದೆಲ್ಲಾ ಬದಲಾಯ್ಸಿ ಪರೀಕ್ಷೆ ಮಾತ್ರ ಹಳೇದೇ ಇಟ್ಕೊಂಡ್ರೆ ಹೇಗ್ರೀ? ಮೂರೇ ಪಾತ್ರೆ ಅಂದ್ರೆ ಗೋಣಿಚೀಲದಲ್ಲೂ ಬೇಗ ಸಿಗುತ್ತೆ!"

"ಹೊಸ ಪರೀಕ್ಷೆಗೆ ಪುರುಸೊತ್ತೆಲ್ಲಿದೆಯೇ? ಮೂರು ಪಾಸಾದ್ರೆ ಮುನ್ನೂರೂ ಪಾಸು!"

ಇವತ್ತು ಬೆಳಿಗ್ಗೆ, ಒಲೆಯ ಮೇಲಿದ್ದದ್ದು ಬಿಟ್ಟು ಮನೆಯ ಪಾತ್ರೆಗಳೆಲ್ಲ ಅದರ ಹೊಟ್ಟೆ ಸೇರಿದವು.

"ಕಾಫಿ ಲೋಟ!" ಎಂದರು ಇವರು. ಬೀರು ಗುರ್ ಎಂದಿತು. ಇಡ್ಲಿ ತಟ್ಟೆ ಹೊರಹಾಕಿ, ಇದಲ್ಲ ಎಂದು ಒಳಗೆಳೆದುಕೊಂಡಿತು. ಆಮೇಲೆ ಜರಡಿ, ಕುಕ್ಕರಿನ ಮುಚ್ಚಳ, ಮತ್ತೊಂದು ಮುಚ್ಚಳ... ಹಾಲು ಕೆನೆಗಟ್ಟಿತು.

"ಎಲ್ಲಾ ಒಂದೇ ಖಾನೇಲಿ ಬಿದ್ದಿವೆಯಲ್ಲೇ!" ಎಂದು ಇವರು ಒಳಗೆ ಇಣುಕಿ ನೋಡಿ, ಅಪ್ಪನ ಕಡೆ ತಿರುಗಿದರು. "ಅವುಗಳ ಮೇಲೆ ಏನು ಕೊರೆಸಿದೀರಿ?"

ಅಪ್ಪ ಕೆಮ್ಮಿದರು. "ಮದುವೇಲಿ ಕೊಟ್ಟ ಪಾತ್ರೆ ಕಳೆದುಹೋಗ್ಬಾರ್ದು ಅಂತ, ಸೌಟಿಂದ ಹಂಡೆವರೆಗೂ 'ಗಿರಿಜಾಂಬ' ಅಂತ ಮಗಳ ಹೆಸರನ್ನೇ ಕೊರೆಸಿದ್ದೆ."

"ಹೆದರ್ಬೇಡಿ ಮಾವ! ಒಂದು ಖಾನೆ ತುಂಬಿ ತುಳುಕಿದ್ರೆ ಬೀರು ತಾನೇ ಎರಡರಷ್ಟು ಬೆಳೆದು, ಎಲ್ಲಾ ಹೊಸದಾಗಿ ಹಂಚುತ್ತೆ!"

ಬೆಳೆಯಿತು! ಮಡಚಿಟ್ಟ ತಗಡೆಲ್ಲ ಬಿಚ್ಚಿಕೊಂಡು ಧಡಧಡ ಬೆಳೆಯಿತು. ಹೊಸದಾಗಿ ಹಂಚಿತು ಕೂಡ. ಹೆಸರು ಒಂದೇ ಆದ್ದರಿಂದ ಎಲ್ಲವೂ ಮತ್ತೆ ಒಂದೇ ಖಾನೆಗೆ ಬಿದ್ದವು. ಮತ್ತೆ ಬೆಳೆಯಿತು! ಹಾಲಿನ ಪಾತ್ರೆ ಉರುಳಿತು, ಡಿಕಾಕ್ಷನ್ ನೆಲ ಕುಡಿಯಿತು. ಕುರ್ಚಿ ಸಮೇತ ಅಪ್ಪನನ್ನು ಬೀರು ಜಗಲಿಗೆ ನೂಕಿತು. ಮನೆ ತುಂಬ ಖಾಲಿ ಖಾನೆಗಳು, ಒಂದರಲ್ಲಿ ಮಾತ್ರ ನನ್ನ ಸಂಸಾರ!

"ನಿಲ್ಲಿಸ್ರೀ ಅದನ್ನ!"

"ಸ್ವಿಚ್ಚು ಹಿಂದ್ಗಡೆ ಇದೆ!" ಎಂದು ನುಗ್ಗಿದ ಇವರನ್ನೂ ಅದು ಪಾತ್ರೆಯೆಂದೇ ತಿಳಿದು ಯಾವುದೋ ಖಾನೆಗೆ ಎಳೆದುಕೊಂಡಿತು.

ನಾನು ಜಗಲಿಯ ಮೇಲೆ ಕುಳಿತು ಅತ್ತೆ. ಗಂಡನಿಗಾಗಿ ಅಲ್ಲ, ಹಸಿವಾದರೆ ಅವರು ಹೇಗೋ ಹೊರಗೆ ಬರುತ್ತಾರೆ. ಅಪ್ಪ ನಮ್ಮ ಮನೆಯ ಕಾಫಿ ಇನ್ನು ಈ ಜನ್ಮದಲ್ಲಿ ಕುಡಿಯುವುದಿಲ್ಲವಲ್ಲ ಎಂದು ಅತ್ತೆ.

ಕೊನೆಗೆ ಮನಸ್ಸು ತಡೆಯದೆ, "ನಮ್ಮ ಯಜಮಾನ್ರನ್ನ ಕೊಡು!" ಎಂದು ಬೀರುವಿಗೆ ಕೂಗಿದೆ.

"ಹೆಸರು ಕೊರೆಸಿಲ್ಲ, ಸಿಗುವುದಿಲ್ಲ" ಎಂದಿತು ಬೀರು.

ಅಪ್ಪ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದರು.

"ನಂದೇ ತಪ್ಪು ಕಣಮ್ಮಾ" ಎಂದರು. "ಎಲ್ಲದರ ಮೇಲೂ ನಿನ್ನ ಹೆಸರು ಕೊರೆಸಿದೆ, ಅಳಿಯಂದಿರ ಮೇಲೊಂದು ಕೊರೆಸೋದು ಮರೆತುಬಿಟ್ಟೆ."