ಅತ್ತೆಯ ಲೋಟದಲ್ಲಿ ಗಪ್ಪಿ

ನಮ್ಮ ಮನೆಯ ಸೊಳ್ಳೆಗಳ ವಂಶವನ್ನೇ ನಿರ್ನಾಮ ಮಾಡುತ್ತೇನೆಂದು ನಾನು ಶಪಥ ಮಾಡಿದ್ದು ನನಗಾಗಿ ಅಲ್ಲ, ಅತ್ತೆಯವರಿಗಾಗಿ. ಹೊಸ ಹಲ್ಲುಸೆಟ್ಟು ಮಾಡಿಸಿಕೊಳ್ಳಲು ಅವರು ನಮ್ಮಲ್ಲಿಗೆ ಬಂದಿದ್ದರು. ನಾವಿರುವುದು ಮೊದಲ ಮಹಡಿಯಲ್ಲಿ, ಕೆಳಗೇ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಮೇಲಿನ ಸೆಟ್ಟು ಸಿದ್ಧವಾಗಿ ಬಾಯಿಗೆ ಬಂದಿತ್ತು, ಕೆಳಗಿನದು ಇನ್ನೂ ಡಾಕ್ಟರ ಕೈಯಲ್ಲಿತ್ತು. ಆದರೆ ನಮ್ಮ ಸೊಳ್ಳೆಗಳು ಅತ್ತೆಯವರನ್ನು ಕಂಡದ್ದೇ ತಡ, ಮದುವೆಮನೆಗೆ ನೆಂಟರಿಳಿದ ಹಾಗೆ ಇಳಿದವು. ಒಂದು ಬೆಳಿಗ್ಗೆ ಅತ್ತೆ ಕೈ ಕೆರೆದುಕೊಳ್ಳುತ್ತ, ದೊಡ್ಡ ಅಳಿಯನ ಮನೆಯಲ್ಲಿ ಕಿಟಕಿಗೆಲ್ಲ ಜಾಲರಿ ಇದೆ ಎಂದು ಎದುರಿನ ಗೋಡೆಗೆ ಹೇಳಿದರು. ದೊಡ್ಡ ಅಳಿಯನೆಂದರೆ ನನ್ನ ಷಡ್ಡಕ. ನಾನು ಯಾರೆದುರು ಬೇಕಾದರೂ ಸೋತೇನು, ಷಡ್ಡಕನ ಜಾಲರಿಯೆದುರು ಸೋಲಲಾರೆ!

ಅದೇ ಹೊತ್ತಿಗೆ ಆರೋಗ್ಯ ಇಲಾಖೆಯ ಹೆಂಗಸೊಬ್ಬರು ಮನೆಮನೆಗೂ ಗಪ್ಪಿ ಮೀನು ಹಂಚುತ್ತ ಬಂದರು. ಉಗುರಿನಷ್ಟುದ್ದದ ಈ ಮೀನು ನಿಂತ ನೀರಿನಲ್ಲಿರುವ ಸೊಳ್ಳೆಮರಿಗಳನ್ನೆಲ್ಲ ತಿಂದು ತೇಗುತ್ತದಂತೆ. ಎಲ್ಲಿ ಬಿಡಬೇಕು, ಎಲ್ಲಿ ಬಿಡಲೇಬಾರದು ಎಂದು ಆಕೆ ವಿವರವಾಗಿ ಹೇಳಿದರು. ನಾನು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡೆ. ನಮ್ಮ ಕಟ್ಟಡದಲ್ಲಿ ತಾರಸಿಯ ಟ್ಯಾಂಕಿಗಿಂತ ಹೆಚ್ಚು ನೀರು ಇನ್ನೆಲ್ಲಿ ನಿಂತಿದೆ? ಏಣಿ ಹತ್ತಿ, ಸೇನಾಪತಿಯ ಗತ್ತಿನಲ್ಲಿ ಇಡೀ ಸೈನ್ಯವನ್ನು ಟ್ಯಾಂಕಿಗೆ ಸುರಿದು ಬಂದೆ.

ಮಾರನೆಯ ಬೆಳಿಗ್ಗೆ ಹೆಂಡತಿಗೆ ವಿಷಯ ತಿಳಿಸಿದೆ. ಅವಳು ಶಾಲೆಯಲ್ಲಿ ಟೀಚರು, ಪ್ರಶ್ನೆ ಕೇಳುವುದು ಅವಳ ಕಸುಬು.

"ಟ್ಯಾಂಕಿನ ನೀರು ಎಲ್ಲಿಗೆ ಹೋಗತ್ತೆ?"

"ನಲ್ಲಿಗೆ."

"ಮೀನು?"

ಉತ್ತರ ಹೊಳೆಯುವಷ್ಟರಲ್ಲಿ ಅದು ಬಾಗಿಲಿಗೇ ಬಂದು ನಿಂತಿತ್ತು. ಕೆಳಗಿನ ಡಾಕ್ಟರು ಕೈಗವಸನ್ನೂ ಬಿಚ್ಚದೆ, ರೋಗಿಗಳು ಬಾಯಿ ಮುಕ್ಕಳಿಸುವ ಲೋಟ ಹಿಡಿದು ಬಂದಿದ್ದರು. ಲೋಟದಲ್ಲಿ ನನ್ನ ಸೈನಿಕ ಗಸ್ತು ತಿರುಗುತ್ತಿದ್ದ. ಆಗತಾನೆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದ ರೋಗಿಯೊಬ್ಬರು ಲೋಟವನ್ನು ತುಟಿಗೆ ತಂದಾಗ ಒಳಗಿನಿಂದ ಎರಡು ಕಣ್ಣು ನೋಡಿದವಂತೆ. ತುಟಿ ಜೋಮು ಹಿಡಿದಿದ್ದರಿಂದ ಪಾಪ ಅವರಿಗೆ ಮೀನು ಎನ್ನಲೂ ಆಗದೆ "ಈಊ, ಈಊ" ಎಂದು ಕೂಗುತ್ತ ಬೀದಿಗೆ ಓಡಿದರಂತೆ. ಒಳಗೆ ಡಾಕ್ಟರು ಅದೇನು ಕಿತ್ತರೋ ಎಂದು, ಸರದಿಯಲ್ಲಿ ಕೂತಿದ್ದವರೂ ಹಿಂದೆಯೇ ಓಡಿದರಂತೆ.

"ಇದು ನಿಮ್ಮದಾ?" ಎಂದರು ಡಾಕ್ಟರು.

"ಮೀನು ನಂದೇ ಸರ್. ನೀರು ಮಾತ್ರ ಎಲ್ಲರದ್ದು."

"ಸಂಜೆಯೊಳಗೆ ನಲ್ಲೀಲಿ ಬರೀ ನೀರು ಬರಬೇಕು. ಇಲ್ಲಾಂದ್ರೆ ನಿಮ್ಮತ್ತೆಯವರ ಕೆಳಗಿನ ಹಲ್ಲನ್ನ ನೀವೇ ಮಾಡಿಕೊಡಿ."

ಆಫೀಸಿಗೆ ರಜೆ ಹಾಕಿದೆ. ನಲ್ಲಿಗಳ ಬಾಯಿಗೆ ಚಹಾ ಸೋಸುವ ಜರಡಿ ಕಟ್ಟಿ ಟ್ಯಾಂಕು ಖಾಲಿ ಮಾಡತೊಡಗಿದೆ. ಕಟ್ಟಡಕ್ಕೆಲ್ಲ ನೀರಿಲ್ಲದಂತಾಯಿತು, ನಮ್ಮ ಮನೆಯಲ್ಲಿ ಮಾತ್ರ ಹಾಲಿನ ಪಾತ್ರೆ, ಬಾಣಲೆ, ಹೂದಾನಿಗಳಲ್ಲೆಲ್ಲ ಮೀನು. ಕೊನೆಯದೊಂದು ಜರಡಿಯಲ್ಲಿ ಒದ್ದಾಡುತ್ತಿದ್ದಾಗ ಬಿಡಲು ಪಾತ್ರೆಯೇ ಉಳಿದಿರಲಿಲ್ಲ. ಅತ್ತೆಯವರ ಕೋಣೆಯ ಕಿಟಕಿಯಲ್ಲಿ ನೀರು ತುಂಬಿದ ಲೋಟ ಕಂಡಿತು. ಹಿಂದೆಮುಂದೆ ನೋಡದೆ ಬಿಟ್ಟುಬಿಟ್ಟೆ.

ಅತ್ತೆ ಮಧ್ಯಾಹ್ನದ ನಿದ್ದೆ ಮುಗಿಸಿ ಹಲ್ಲಿಗೆಂದು ಅದೇ ಲೋಟಕ್ಕೆ ಕೈ ಹಾಕಿದಾಗಲೇ ಅದು ಸೆಟ್ಟು ನೆನೆಹಾಕಿದ್ದ ಲೋಟವೆಂದು ನನಗೆ ಅರಿವಾದದ್ದು. ನಾನು ಕಣ್ಣು ಮುಚ್ಚಿಕೊಂಡೆ. ಮನಸ್ಸಿನಲ್ಲೇ ಅವರ ಪೆಟ್ಟಿಗೆಯನ್ನು ಷಡ್ಡಕನ ಮನೆಗೆ ಹೊತ್ತು, ಇಳಿಸಿಯೂ ಬಂದೆ.

"ಬಾರೇ ಇಲ್ಲಿ," ಎಂದು ಅತ್ತೆ ಆಗತಾನೆ ಶಾಲೆಯಿಂದ ಬಂದಿದ್ದ ಮಗಳನ್ನು ಕರೆದರು. "ನನ್ನ ಹಲ್ಲಿನ ಸಂದೀಲಿ ಏನು ಚೆನ್ನಾಗಿ ಓಡಾಡ್ತಿದೆ ನೋಡು."

ಕಣ್ಣು ತೆರೆದರೆ ಅತ್ತೆ ಬೊಚ್ಚುಬಾಯಲ್ಲಿ ನಗುತ್ತಿದ್ದರು. ನನ್ನ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಮೀನು ಬಿಸ್ಕತ್ತಿನ ಗಾಜಿನ ಡಬ್ಬಿಗೆ ವರ್ಗವಾಯಿತು, ಹಲ್ಲು ಬಿಸಿನೀರಿಗೆ.

ಉಳಿದವೂ ಒಂದೊಂದು ಕೆಲಸ ಹಿಡಿದವು. ಹೂದಾನಿಯ ಮೀನುಗಳನ್ನು ಹೆಂಡತಿ ತರಗತಿಗೆ ಒಯ್ದು, ಗದ್ದಲವಾದರೆ ಇವಕ್ಕೆ ಜ್ವರ ಬರುತ್ತದೆ ಎಂದಳು. ಅರಚುವುದನ್ನೇ ಹುಟ್ಟುಗುಣ ಮಾಡಿಕೊಂಡಿದ್ದ ತರಗತಿ ಗಪ್‌ಚಿಪ್ಪಾಯಿತು. ಗಪ್ಪಿ ಎಂಬ ಹೆಸರು ಅದಕ್ಕೇ ಬಂದಿರಬೇಕೆಂದು ಅವಳ ವಾದ. ಕ್ಷಮೆ ಕೇಳಲು ಹೋದ ನನ್ನ ಕೈಯಿಂದ ಡಾಕ್ಟರು ಬಾಣಲೆಯವನ್ನು ತೆಗೆದುಕೊಂಡರು. ಸರದಿಗೆ ಕೂತವರ ಎದುರು ಗಾಜಿನ ತೊಟ್ಟಿಯಲ್ಲಿಟ್ಟರೆ, ನೋಡುತ್ತ ಕೂತವರಿಗೆ ಒಳಗಿನ ಯಂತ್ರದ ಸದ್ದೇ ಕೇಳಿಸಲಿಲ್ಲವಂತೆ. ಖುಷಿಯಾಗಿ ಕೆಳಗಿನ ಸೆಟ್ಟನ್ನೂ ಬೇಗ ಮುಗಿಸಿಕೊಟ್ಟರು. ಇನ್ನು ಸೊಳ್ಳೆ? ಹೆಂಡತಿ ಒಂದು ದಿನ ಹೂಕುಂಡಗಳ ಕೆಳಗಿನ ತಟ್ಟೆಗಳಲ್ಲಿದ್ದ ನೀರು ಚೆಲ್ಲಿದಳು. ಸೊಳ್ಳೆ ಹೋದವು!

ಹಲ್ಲು ಬಂದರೂ ಅತ್ತೆ ಹೊರಡುವ ಮಾತೆತ್ತಲಿಲ್ಲ. ಒಂದು ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವರ ಕೋಣೆಯಿಂದ ಜೇನಿನಂಥ ದನಿ ಕೇಳಿಸಿತು.

"ಬನ್ನಿ ಅಳಿಯಂದ್ರೆ. ಎಷ್ಟು ಸೊರಗಿದೀರಿ. ಒಂದು ಚೂರು ತಿನ್ನಿ."

ಒಂದೇ ಕಾಲಿನ ಚಪ್ಪಲಿಯಲ್ಲಿ ಒಳಗೆ ಓಡಿ, "ಬಂದೆ ಅತ್ತೆ," ಎಂದೆ.

ಅತ್ತೆ ಗಾಜಿನ ಡಬ್ಬಿಯ ಮೇಲೆ ಬಾಗಿ ಬಿಸ್ಕತ್ತಿನ ಪುಡಿ ಉದುರಿಸುತ್ತಿದ್ದರು. ತಲೆಯೆತ್ತದೆ, "ನಿಮಗಲ್ಲ," ಎಂದರು. ಆಮೇಲೆ ಮಗಳ ಕಡೆ ತಿರುಗಿ, "ನೋಡೇ, ಇಡೀ ದಿನ ಬಾಯಿ ತೆಗೀತಾನೆ, ಮುಚ್ತಾನೆ. ಒಂದೇ ಒಂದು ಮಾತಾಡಲ್ಲ. ಅಳಿಯ ಅಂದ್ರೆ ಹೀಗಿರಬೇಕು," ಎಂದರು.