ಹತ್ತು ಚದರ ಮೀಟರಿನೊಳಗೆ ಹಸು

ನಾನು ಏನು ಕೆಲಸ ಮಾಡುತ್ತೇನೆ ಎಂಬುದು ನಮ್ಮ ಅತ್ತೆಯವರಿಗೆ ಬಹಳ ಕಾಲ ತಿಳಿದೇ ಇರಲಿಲ್ಲ. ಮದುವೆ ಮನೆಗಳಲ್ಲಿ ನೆಂಟರಿಗೆ ನನ್ನನ್ನು ತೋರಿಸಿ, "ನಮ್ಮ ಅಳಿಯಂದಿರು, ಮೆಡಿಕಲ್ ಕಡೆ ಇದಾರೆ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಕೋಸಂಬರಿ ಬಡಿಸುವವನನ್ನು ಕೂಗಿಬಿಡುತ್ತಿದ್ದರು. ಆಮೇಲೆ ಪಕ್ಕದ ಎಲೆಯವರು ನನ್ನ ಕಡೆ ವಾಲಿ, ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೆಯದು ಎಂದು ಕೇಳುತ್ತಿದ್ದರು. ನಾನು ಡಾಕ್ಟರಲ್ಲ, ಔಷಧಿ ಅಂಗಡಿಯವನೂ ಅಲ್ಲ. ಔಷಧಿ ಅಂಗಡಿ ಇಡುವವರಿಗೆ ಅರ್ಜಿ ಹಾಕಿಕೊಡುವವನು. ಲೈಸೆನ್ಸಿನ ಅರ್ಜಿ, ಅಂಗಡಿಯ ನಕ್ಷೆ, ಬಾಡಿಗೆ ಕರಾರು, ಕಾರ್ಖಾನೆಗೋ ಆಸ್ಪತ್ರೆಗೋ ಔಷಧಿ ಪೂರೈಸುವ ಗುತ್ತಿಗೆಯ ಅರ್ಜಿ, ಇವನ್ನೆಲ್ಲ ಹೊಂದಿಸಿ ಕಂಪ್ಯೂಟರಿಗೆ ಏರಿಸುವುದು, ಅದು ಒಪ್ಪದಿದ್ದರೆ ಫೈಲಿನ ಗಾತ್ರ ಕುಗ್ಗಿಸಿ ಮತ್ತೆ ಏರಿಸುವುದು ನನ್ನ ಕಸುಬು. ನೆಲಮಂಗಲದಿಂದ ದೊಡ್ಡಬಳ್ಳಾಪುರದವರೆಗೆ ಮೆಡಿಕಲ್ ಸ್ಟೋರಿನವರು ನನ್ನನ್ನು 'ಲೈಸೆನ್ಸ್ ಸಾರ್' ಎನ್ನುತ್ತಾರೆ. ಒಮ್ಮೆ ಅತ್ತೆಯವರನ್ನು ಕೂರಿಸಿಕೊಂಡು ಇದೆಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದನ್ನ ಅವ್ರೇ ಹಾಕ್ಕೊಳಕ್ಕಾಗಲ್ವಾ?" ಎಂದರು. ನನ್ನ ಹೊಟ್ಟೆಪಾಡಿನ ಬುಡಕ್ಕೇ ಕೈಹಾಕುವ ಪ್ರಶ್ನೆಯಾದ್ದರಿಂದ ಮತ್ತೆ ವಿವರಿಸುವ ಗೋಜಿಗೆ ಹೋಗಲಿಲ್ಲ.

ಈ ಕಸುಬಿನಿಂದ ನನಗೆ ಅಂಟಿಕೊಂಡ ಒಂದು ರೋಗವಿದೆ. ಔಷಧಿ ಅಂಗಡಿ ಕನಿಷ್ಠ ಹತ್ತು ಚದರ ಮೀಟರ್ ಇರಬೇಕು ಎಂಬುದು ನಿಯಮ. ಹಾಗಾಗಿ ಯಾವ ಕೋಣೆಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಗೋಡೆಯಿಂದ ಗೋಡೆಗೆ ಓಡುತ್ತದೆ. ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡೇ ಅಳೆಯುತ್ತೇನೆ. ದೇವಸ್ಥಾನದಲ್ಲಿ ಕೈಮುಗಿದುಕೊಂಡು ಅಳೆಯುತ್ತೇನೆ. ನಾದಿನಿ ಹೊಸ ಮನೆ ಕಟ್ಟಿಸಿ ಅಡುಗೆಮನೆ ತೋರಿಸಿದಾಗ, "ಚೆನ್ನಾಗಿದೆಯಮ್ಮ, ಧಾರಾಳವಾಗಿ ಲೈಸೆನ್ಸ್ ಸಿಗುತ್ತೆ" ಎಂದುಬಿಟ್ಟೆ. ಅವಳು ಆ ದಿನ ನನಗೆ ಎರಡನೇ ಸಲ ಪಾಯಸ ಬಡಿಸಲಿಲ್ಲ.

ಹೀಗಿರುವಾಗ ಸೋಂಪುರದ ರೂಪಾ ನನ್ನ ಬಳಿ ಬಂದರು. ಫಾರ್ಮಸಿ ಓದಿ, ವರ್ಷಾನುಗಟ್ಟಲೆ ಬೇರೆಯವರ ಮೆಡಿಕಲ್ ಸ್ಟೋರುಗಳಲ್ಲಿ ನಿಂತುಕೊಂಡೇ ದುಡಿದವರು. ಈಗ ಆ ಕೆಲಸ ಬಿಟ್ಟು, ಕಾರ್ಖಾನೆಗಳ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದಿದ್ದರು. ಅಲ್ಲಿನ ಒಂದು ಕಾರ್ಖಾನೆಯವರು ತಮ್ಮ ಕಾರ್ಮಿಕರ ಚಿಕಿತ್ಸಾಲಯಕ್ಕೆ ಔಷಧಿ ಪೂರೈಸಲು ಅರ್ಜಿ ಕರೆದಿದ್ದರು. ತಿಂಗಳ ಕೊನೆಯೊಳಗೆ ಲೈಸೆನ್ಸಿನ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಬೇಕು. "ಅದೊಂದು ಸಿಕ್ಕಿದ್ರೆ ಅಂಗಡಿ ನಿಲ್ಲುತ್ತೆ ಸಾರ್. ಇಲ್ಲಾಂದ್ರೆ ನಾನು ವಾಪಸ್ ಹೋಗಿ ಯಾರದೋ ಕೌಂಟರ್ ಹಿಂದೆ ನಿಲ್ಬೇಕು" ಎಂದರು ರೂಪಾ. ನಾನು ಅರ್ಜಿ ಏರಿಸಿದೆ. ಇನ್ನು ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದು ಜಾಗ ನೋಡುವುದೊಂದೇ ಬಾಕಿ.

ಅಷ್ಟರಲ್ಲಿ ರೂಪಾ ಅವರ ಅತ್ತೆ ಗಂಗಮ್ಮನವರು ಪಂಚಾಂಗ ತೆಗೆದರು. ಆಷಾಢ ಹತ್ತಿರ ಬಂದಿತ್ತು. ಆಷಾಢ ಹುಟ್ಟಿದರೆ ಹೊಸ ಅಂಗಡಿಯಲ್ಲಿ ಹಾಲು ಉಕ್ಕಿಸುವಂತಿಲ್ಲ. ಉಳಿದಿದ್ದದ್ದು ಒಂದೇ ಮುಹೂರ್ತ. ಲೈಸೆನ್ಸ್ ಬರುವ ಮೊದಲು ಪೂಜೆ ಮಾಡಬಹುದೇ ಎಂದು ನನ್ನನ್ನು ಕೇಳಿದರು. ನಾನು ಕಾಯ್ದೆ ಬಲ್ಲವನ ಗತ್ತಿನಲ್ಲಿ, "ಮಾರಾಟ ಮಾಡ್ಬಾರ್ದು ಅಷ್ಟೇ. ಆರತಿ ಎತ್ತೋದಕ್ಕೆ ಯಾವ ಕಾನೂನಿನಲ್ಲೂ ತಡೆ ಇಲ್ಲ, ಧೈರ್ಯವಾಗಿ ಮಾಡ್ಕೊಳ್ಳಿ" ಎಂದೆ. ಪೂಜೆ ಎಂದರೆ ಅದರೊಳಗೆ ಏನೇನು ಬರುತ್ತದೆ ಎಂದು ಕೇಳಬೇಕಿತ್ತು. ಅರ್ಜಿಯಲ್ಲಾದರೆ ಕೇಳುತ್ತಿದ್ದೆ.

ಪೂಜೆಯ ಬೆಳಗ್ಗೆ ನಾನೂ ಹೋಗಿದ್ದೆ. ಆಶೀರ್ವಾದ ಮಾಡಲು ಎಂದು ಹೇಳಿಕೊಂಡರೂ ಹೋದದ್ದು ಕೇಸರಿಬಾತಿಗೆ. ದೊನ್ನೆ ಕೈಗೆ ಬಂದಿತ್ತು, ತುಪ್ಪದ ವಾಸನೆ ಮೂಗಿಗೆ ಬಡಿದಿತ್ತು, ಅಷ್ಟರಲ್ಲಿ ರೂಪಾ ಅವರ ಮೊಬೈಲು ಬಡಿದುಕೊಂಡಿತು. ಇನ್‌ಸ್ಪೆಕ್ಟರ್ ಮೇಡಂ ಇದೇ ರಸ್ತೆಯ ಇನ್ನೊಂದು ಅಂಗಡಿಗೆ ಬಂದಿದ್ದಾರಂತೆ, ಹಾಗೇ ಇದನ್ನೂ ನೋಡಿಕೊಂಡು ಹೋಗುತ್ತಾರಂತೆ. ಒಳಗೆ ನೋಡಿದೆ. ಗ್ಯಾಸಿನ ಒಲೆಯ ಮೇಲೆ ಹಾಲು ಉಕ್ಕಿ ಹರಿದಿತ್ತು. ಖಾಲಿ ರ‍್ಯಾಕುಗಳಿಗೆ ಬಾಳೆಕಂದು ಕಟ್ಟಿದ್ದರು. ಕೌಂಟರನ್ನು ಮೂಲೆಗೆ ತಳ್ಳಿದ್ದರು. ನಡುವಿನ ಜಾಗದಲ್ಲಿ, ಹಣೆಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಒಂದು ಹಸು ನಿಂತಿತ್ತು.

ಹೊಸ ಜಾಗಕ್ಕೆ ಮೊದಲು ಹಸು ಕಾಲಿಡಬೇಕು ಎಂಬುದು ಗಂಗಮ್ಮನವರ ಹಟ. ಅದಕ್ಕೆಂದು ಪಕ್ಕದ ಬೀದಿಯ ಮುನಿಯಪ್ಪ ತಮ್ಮ ಗೌರಿಯನ್ನು ಕರುವಿನ ಸಮೇತ ಹೊಡೆದುಕೊಂಡು ಬಂದಿದ್ದರು. ಕರುವನ್ನು ಆಚೆ ಕಂಬಕ್ಕೆ ಕಟ್ಟಿದ್ದರು. ಗೌರಿ ಒಳಗೆ ಹೋಗಿ, ಕಳಶದ ಕೆಳಗಿನ ಅಕ್ಕಿ ತಿಂದು, ಬಾಳೆಕಂದಿಗೆ ಬಾಯಿ ಹಾಕಿ, ಇದೇ ತನ್ನ ಮನೆ ಎಂದು ತೀರ್ಮಾನಿಸಿತ್ತು.

"ಮುನಿಯಪ್ಪನೋರೇ, ಬೇಗ ಹೊರಗೆ ಎಳೀರಿ" ಎಂದೆ.

"ಹಸ ಹಿಂದಕ್ಕೆ ನಡಿಯಾಕಿಲ್ಲ ಸಾ. ತಿರುಗಬೇಕು. ತಿರುಗಾಕೆ ಇಲ್ಲಿ ಜಾಗ ಸಾಲ್ದು."

"ಆ ಮಾತು ಮೆಲ್ಲಗೆ ಆಡಿ."

"ಮೆಲ್ಲಗೆ ಆಡಿದ್ರೆ ಜಾಗ ದೊಡ್ದಾಯ್ತದಾ? ಸಾಲ್ದು ಅಂದ್ರೆ ಸಾಲ್ದು" ಎಂದು ಅವರು ಇನ್ನಷ್ಟು ಜೋರಾಗಿ ಹೇಳಿದರು. ಹಿಂದೆ ಯಾರೋ ಕೆಮ್ಮಿದಂತಾಯಿತು. ಕೈಯಲ್ಲಿ ಅಳತೆ ಟೇಪು ಹಿಡಿದ ಇನ್‌ಸ್ಪೆಕ್ಟರ್ ಮೇಡಂ ನಿಂತಿದ್ದರು.

"ಜಾಗ ಸಾಲ್ದು ಅಂದಿದ್ದು ಯಾರು?" ಎಂದು ಕೇಳಿದರು.

"ನಾನೇಯಾ" ಎಂದು ಮುನಿಯಪ್ಪ ಎದೆ ಸೆಟೆಸಿದರು. ಇಷ್ಟು ವರ್ಷದಲ್ಲಿ ನನ್ನ ಅರ್ಜಿಯ ವಿರುದ್ಧ ಇಷ್ಟು ಸ್ಪಷ್ಟವಾಗಿ ಯಾರೂ ಸಾಕ್ಷಿ ಹೇಳಿರಲಿಲ್ಲ.

ನಾನು ಮುಂದೆ ನುಗ್ಗಿದೆ. "ಮೇಡಂ, ಔಷಧಿ ಅಂಗಡಿಯೊಳಗೆ ಹಸು ಇರಬಾರದು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ" ಎಂದೆ.

"ಜಾಗ ಸ್ವಚ್ಛವಾಗಿರಬೇಕು ಅಂತ ಬರೆದಿದೆಯಲ್ಲ" ಎಂದರು ಮೇಡಂ.

ಗೌರಿ ಅದೇ ಗಳಿಗೆಯಲ್ಲಿ ಬಾಲ ಎತ್ತಿತು. ಹೊಸ ಟೈಲ್ಸಿನ ಮೇಲೆ ಬಿದ್ದ ಸಗಣಿ ಕಂಡು ಗಂಗಮ್ಮನವರು ಎರಡೂ ಕೈ ಜೋಡಿಸಿ, "ಲಕ್ಷ್ಮಿ ಬಂದ್ಲು ಕಣಮ್ಮ ರೂಪ" ಎಂದು ಆನಂದದಿಂದ ಕಣ್ಣೊರೆಸಿಕೊಂಡರು. ನನಗೂ ಕಣ್ಣೊರೆಸಿಕೊಳ್ಳಬೇಕು ಅನ್ನಿಸಿತು, ಕಾರಣ ಬೇರೆ. ಮೇಡಂ ಟೇಪು ಬ್ಯಾಗಿಗೆ ಹಾಕಿಕೊಳ್ಳುತ್ತ, "ಹಸು ಇರೋ ಅಂಗಡಿ ಹೇಗಮ್ಮ ಅಳೆಯೋದು? ಮುಂದಿನ ತಿಂಗಳು ಬರ್ತೀನಿ" ಎಂದರು.

ಮುಂದಿನ ತಿಂಗಳು ಬಂದರೆ ಕಾರ್ಖಾನೆಯ ಗುತ್ತಿಗೆ ಹೋದಂತೆಯೇ. ರೂಪಾ ಅವರ ಮುಖ ಬಾಡಿತು. ನನಗೆ ನಿಜವಾಗಿಯೂ ಸಂಕಟವಾಯಿತು. ಪೂಜೆ ಮಾಡಿಕೊಳ್ಳಿ ಎಂದು ಅಪ್ಪಣೆ ಕೊಟ್ಟ ಮಹಾನುಭಾವ ನಾನೇ ತಾನೆ. ಆದರೆ ರೂಪಾ ಅಳುತ್ತ ನಿಲ್ಲುವವರಲ್ಲ. "ಐದೇ ನಿಮಿಷ ಮೇಡಂ" ಎಂದವರೇ ಆಚೆ ಹೋಗಿ, ಕರುವಿನ ಹಗ್ಗ ಬಿಚ್ಚಿ, ಅದನ್ನು ಬಾಗಿಲ ಹತ್ತಿರ ತಂದು, ಮತ್ತೆ ದೂರಕ್ಕೆ ನಡೆಸಿದರು. ಕರು ಗಂಟಲು ಬಿರಿಯುವಂತೆ ಅಂಬಾ ಎಂದಿತು.

ಗೌರಿ ತಲೆ ಎತ್ತಿತು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ನಗು ತಡೆಯಲಾಗುವುದಿಲ್ಲ. ಕೊಂಬು ಒಂದು ರ‍್ಯಾಕನ್ನು ಸವರಿತು, ಬಾಲ ಎದುರು ರ‍್ಯಾಕಿನ ಧೂಳು ಹೊಡೆಯಿತು, ಪೂಜೆಗೆ ಬಂದಿದ್ದ ಪುರೋಹಿತರು ಕೌಂಟರಿನ ಮೇಲೆ ಹತ್ತಿ ಕುಳಿತರು, ನಾನು ಕೇಸರಿಬಾತಿನ ದೊನ್ನೆಯನ್ನು ತಲೆಯ ಮೇಲಕ್ಕೆ ಎತ್ತಿ ಗೋಡೆಗೆ ಅಂಟಿಕೊಂಡೆ. ಗೌರಿ ನಿಂತಲ್ಲೇ ಬಾಗಿಲ ಕಡೆಗೆ ಪೂರ್ತಿ ತಿರುಗಿ, ಯಾವುದನ್ನೂ ಬೀಳಿಸದೆ, ಮದುವಣಗಿತ್ತಿಯ ಹಾಗೆ ಗಂಭೀರವಾಗಿ ಹೊರಗೆ ನಡೆಯಿತು. ಹೋಗುವಾಗ, ನಾನು ಆಗಷ್ಟೇ ಕೆಳಗಿಳಿಸಿದ ದೊನ್ನೆಗೆ ಬಾಯಿ ಹಾಕುವುದನ್ನು ಮರೆಯಲಿಲ್ಲ.

"ತಿರುಗ್ತಲ್ಲ" ಎಂದರು ಮೇಡಂ.

"ಜಾಗ ಐತೆ ಬಿಡಿ" ಎಂದು ಮುನಿಯಪ್ಪ ತಮ್ಮ ಹೇಳಿಕೆಯನ್ನು ಹಿಂದಕ್ಕೆ ಪಡೆದರು.

ಮೇಡಂ ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ರೂಪಾ ಫಿನಾಯಿಲು ಹಾಕಿ ನೆಲ ತೊಳೆದು ಒರೆಸುವವರೆಗೂ ನಗುತ್ತಲೇ ಇದ್ದರು. ಆದರೆ ನಗು ಮುಗಿದ ಮೇಲೆ ಕೆಲಸ ಕೆಲಸವೇ. ಮೂಲೆ ಮೂಲೆಗೂ ಟೇಪು ಹಿಡಿದರು. ಹತ್ತು ಚದರ ಮೀಟರಿಗೆ ತುಸು ಹೆಚ್ಚೇ ಬಂತು. ಫ್ರಿಜ್ಜು ತೆಗೆದರೆ ಒಳಗೆ ಒಂದು ಬಟ್ಟಲು ಮೊಸರು, ಎರಡು ಮೊಳ ಮಲ್ಲಿಗೆ.

"ಔಷಧಿ ಬಂದ ಮೇಲೆ ಇದನ್ನೆಲ್ಲ ಇಲ್ಲಿ ಇಡಬಾರ್ದು ಅಜ್ಜಿ."

"ಗೊತ್ತು ಕಣವ್ವ, ನನ್ ಸೊಸೆ ಹೇಳವ್ಳೆ. ಇವತ್ತು ಖಾಲಿ ಇತ್ತಲ್ಲ ಅಂತ ಮಡಗಿದ್ದೆ" ಎಂದ ಗಂಗಮ್ಮನವರು ಅದೇ ಮಲ್ಲಿಗೆಯಲ್ಲಿ ಒಂದು ತುಂಡು ಹರಿದು ಮೇಡಂ ಕೈಗೆ ಕೊಟ್ಟರು. ಅವರು ಮುಡಿದುಕೊಂಡರು.

ತಿಂಗಳು ಮುಗಿಯುವ ಮೊದಲೇ ಲೈಸೆನ್ಸ್ ಬಂತು. ಕಾರ್ಖಾನೆಯ ಗುತ್ತಿಗೆಯೂ ರೂಪಾ ಅವರಿಗೇ ಸಿಕ್ಕಿತು. ತಮ್ಮದೇ ಕೌಂಟರಿನ ಹಿಂದೆ ಅವರು ಕುರ್ಚಿ ಹಾಕಿಕೊಂಡು ಕೂತದ್ದನ್ನು ನೋಡಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ನೆಗಡಿ ಇಲ್ಲದಿದ್ದರೂ ನೆಗಡಿಯ ಮಾತ್ರೆ ಕೊಂಡುಕೊಂಡು ಬಂದೆ. ಆದರೆ ಸುದ್ದಿ ಊರೂರು ತಿರುಗುವಾಗ ರೂಪ ಬದಲಾಯಿಸಿಕೊಂಡಿತು. ಈಗ ದೇವನಹಳ್ಳಿಯಿಂದ ಫೋನು ಮಾಡುವವರು ಶುಲ್ಕ ಎಷ್ಟು ಎಂದು ಕೇಳುವುದಿಲ್ಲ. "ಹಸ ನೀವೇ ತತ್ತೀರಾ ಸಾರ್, ನಾವೇ ಹೊಂದುಸ್ಕೋಬೇಕಾ?" ಎಂದು ಕೇಳುತ್ತಾರೆ.

ಈ ಕೀರ್ತಿಯ ಅಮಲಿನಲ್ಲಿ ನಾನೂ ನೆಲಮಂಗಲದಲ್ಲಿ ಒಂದು ಸಣ್ಣ ಕಚೇರಿ ಮಾಡಿದೆ. ಗೌರಿಯೇ ಮೊದಲು ಕಾಲಿಡಬೇಕೆಂದು ನನ್ನ ಹೆಂಡತಿ ಹಟ ಹಿಡಿದಳು. ಮುನಿಯಪ್ಪ ಅದನ್ನು ಟೆಂಪೋದಲ್ಲಿ ಕರೆತಂದರು. ನಮ್ಮ ಅತ್ತೆಯವರು ಆರತಿ ತಟ್ಟೆ ಹಿಡಿದು ನಿಂತರು. ಗೌರಿ ಬಾಗಿಲೊಳಗೆ ತಲೆ ಹಾಕಿತು. ನನ್ನ ಮೇಜು, ನನ್ನ ಕುರ್ಚಿ, ನನ್ನ ಕಪಾಟು, ಕೊನೆಗೆ ನನ್ನನ್ನು ನೋಡಿತು. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಸೀದಾ ಟೆಂಪೋದವರೆಗೂ ಹೋಯಿತು.

"ಹಸ ಹಿಂದಕ್ಕೆ ನಡೆದಿದ್ದು ನಾನೂ ಇವತ್ತೇ ಕಂಡಿದ್ದು" ಎಂದರು ಮುನಿಯಪ್ಪ. ಆಮೇಲೆ ಅತ್ತೆಯವರ ಕಡೆ ತಿರುಗಿ, "ಈ ಸಾರು ಅಂಗಡಿಗೆ ಜಾಗ ಸಾಲ್ತದಾ ಇಲ್ವಾ ಅಂತ ಲೆಕ್ಕ ಹಾಕಿ ಅರ್ಜಿ ಕೊಡ್ತಾರೆ ಕಣಮ್ಮ, ಅದೇ ಇವ್ರ ಕಸುಬು" ಎಂದು ವಿವರಿಸಿದರು.

ನಾನು ಇಷ್ಟು ವರ್ಷ ಹೇಳಲಾಗದ್ದು ಮುನಿಯಪ್ಪನವರ ಒಂದು ಮಾತಿಗೆ ಅತ್ತೆಯವರಿಗೆ ಅರ್ಥವಾಯಿತು. ಅವರು ಆರತಿ ತಟ್ಟೆಯನ್ನು ಕೆಳಗಿಟ್ಟು, ನನ್ನ ಕಚೇರಿಯನ್ನು ಗೋಡೆಯಿಂದ ಗೋಡೆಗೆ ನೋಡಿದರು.

"ಹಾಗಾದ್ರೆ ಅಳಿಯಂದ್ರೇ, ನಿಮ್ ಅರ್ಜೀನೂ ಯಾರ ಹತ್ರಾನಾದ್ರೂ ಹಾಕುಸ್ಬೇಕಿತ್ತು" ಎಂದರು.